‘ತನ್ನ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನು? – ಒಂದು ವೀಕ್ಷಣಾ ಟಿಪ್ಪಣಿಯ ತಿದ್ದುಪಡಿ

ಕಳೆದ ಸಲದ ಬೋಧನಾಭ್ಯಾಸದಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರ ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದ ಟಿಪ್ಪಣಿ ತಪ್ಪಾಗಿತ್ತು. ಅದನ್ನು ಅದೇ ಪುಟದಲ್ಲಿ ತಿದ್ದಿ, ದಿನಾಂಕ ಹಾಕಿ ಸಹಿ ಮಾಡಿದ್ದೇನೆ. ಆದರೆ ಇಂಗ್ಲಿಷ್ ಬೋಧನಾ ವಿಧಾನದ ಪಾಠಗಳನ್ನು ವೀಕ್ಷಿಸುವ ನಮ್ಮಲ್ಲಿ ಬೇರೆಯವರೂ ಇದೇ ತಪ್ಪನ್ನು ಮಾಡುತ್ತಿರಬಹುದು ಎನ್ನಿಸಿ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಅದು ನಮ್ಮ ಕಾಲೇಜಿನಿಂದ ಎಂಟು ಕಿಲೋಮೀಟರ್ ದೂರದ ಒಂದು ಸರ್ಕಾರಿ ಪ್ರೌಢಶಾಲೆ, ಒಂಬತ್ತನೇ ತರಗತಿ, ಊಟದ ನಂತರದ ಮೊದಲ ಅವಧಿ. ಪಾಠ ಸರ್ವನಾಮಗಳದ್ದು. ಪೂರ್ವಜ್ಞಾನದ ಪ್ರಶ್ನೆಗಳೆಲ್ಲ ಚೆನ್ನಾಗಿಯೇ ನಡೆದವು. ಅಭ್ಯಾಸದ ಹಂತದಲ್ಲಿ ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ಬಿಟ್ಟ ಸ್ಥಳ ತುಂಬುವ ವಾಕ್ಯಗಳನ್ನು ಬರೆದರು. ಮೂರನೆಯದು, ‘ಎ ಡಾಕ್ಟರ್ ಶುಡ್ ಬಿ ಕೈಂಡ್ ಟು ––– ಪೇಷಂಟ್ಸ್’. ಅವರ ಪಾಠ ಯೋಜನೆಯಲ್ಲಿದ್ದ ಉತ್ತರ ‘ಹಿಸ್’. ಮುಂದಿನ ಸಾಲಿನ ಹುಡುಗಿಯೊಬ್ಬಳು ‘ಹರ್’ ಎಂದು ಬರೆದಿದ್ದಳು. ತಪ್ಪು ಗುರುತು ಬಿದ್ದೊಡನೆ ಎದ್ದು ನಿಂತಳು.

“ಮಿಸ್, ನಮ್ಮೂರ ಆಸ್ಪತ್ರೆ ಡಾಕ್ಟ್ರು ಹೆಂಗಸು. ‘ಹರ್’ ಯಾಕೆ ತಪ್ಪು?”

ಪ್ರಶಿಕ್ಷಣಾರ್ಥಿ ಒಂದು ಕ್ಷಣ ನನ್ನ ಕಡೆ ನೋಡಿದರು. ಆಮೇಲೆ ಹಲಗೆಯ ಮೇಲಿದ್ದ ‘ಹಿಸ್’ ಒರೆಸಿ ‘ದೇರ್’ ಎಂದು ಬರೆದರು. ಡಾಕ್ಟರು ಗಂಡಸೂ ಇರಬಹುದು, ಹೆಂಗಸೂ ಇರಬಹುದು, ಯಾರೆಂದು ಗೊತ್ತಿಲ್ಲದಿರುವಾಗ ಹೀಗೆ ಬರೆಯಬಹುದು ಎಂದರು. ಹುಡುಗಿ ಕುಳಿತಳು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಕೆಂಪು ಶಾಯಿಯಲ್ಲಿ ಬರೆದೆ: ವಿಷಯ ಜ್ಞಾನದಲ್ಲಿ ದೋಷ, ಏಕವಚನ ನಾಮಪದಕ್ಕೆ ಬಹುವಚನ ಸರ್ವನಾಮ, ಮಕ್ಕಳೆದುರು ತಪ್ಪು ರೂಪ ಬರೆಯಕೂಡದು. ವಿಷಯ ಪ್ರಭುತ್ವದ ಅಂಕವನ್ನೂ ಕಡಿಮೆ ಮಾಡಿದೆ.

ಪಾಠದ ನಂತರದ ಚರ್ಚೆಯಲ್ಲಿ ಅವರು ವಾದಕ್ಕೆ ಇಳಿಯಲಿಲ್ಲ. “ತಪ್ಪಾಗಿದ್ದರೆ ತಿದ್ಕೊತೀನಿ ಸರ್. ಆದರೆ ನಾಳೆ ಆ ಹುಡುಗಿಗೆ ಏನು ಹೇಳಲಿ?” ಎಂದಷ್ಟೇ ಕೇಳಿದರು. ಪುಲ್ಲಿಂಗದಲ್ಲಿ ಸ್ತ್ರೀಲಿಂಗವೂ ಸೇರಿದೆ, ಇಂಗ್ಲಿಷಿನಲ್ಲಿ ನಿಯಮವೇ ಹಾಗೆ ಎಂದು ಹೇಳಿ ಅಂದೆ. “ಯಾವಾಗಿನಿಂದ ಸರ್?” ಎಂದು ಕೇಳಿದರು. ಕುಹಕವಿರಲಿಲ್ಲ, ಬರೆದುಕೊಳ್ಳಲು ಪೆನ್ನು ಹಿಡಿದೇ ಕೇಳಿದ್ದು. ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಆ ನಿಯಮವನ್ನು ರೆನ್ ಮತ್ತು ಮಾರ್ಟಿನ್ ವ್ಯಾಕರಣದಿಂದ ಕಲಿತವನು. ‘ಎನಿಬಡಿ’, ‘ಎವ್ರಿಬಡಿ’ಗಳ ನಂತರ, ಗಂಡೋ ಹೆಣ್ಣೋ ತಿಳಿಯದಿದ್ದರೆ ‘ಹಿ’ ಎನ್ನಬೇಕೆಂದು ಅದು ಹೇಳುತ್ತದೆ. ಇಪ್ಪತ್ತು ವರ್ಷ ಅದನ್ನೇ ಕಲಿಸಿದ್ದೇನೆ. ಅದಕ್ಕೊಂದು ಹುಟ್ಟಿದ ದಿನ ಇರಬಹುದೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಹುಡುಕಿದಾಗ ಮೊದಲು ಸಿಕ್ಕಿದ್ದು ನನ್ನ ಟಿಪ್ಪಣಿಗೆ ನೇರ ವಿರುದ್ಧವಾದ ಸಂಗತಿ. ಒಬ್ಬ ವ್ಯಕ್ತಿಯನ್ನು ಕುರಿತು ‘ದೇ’, ‘ದೆಮ್’, ‘ದೇರ್’ ಎನ್ನುವುದು ಈಚಿನ ಫ್ಯಾಷನ್ ಅಲ್ಲ. ಆಕ್ಸ್‌ಫರ್ಡ್ ನಿಘಂಟು ಅದರ ಬಳಕೆಯನ್ನು ಸುಮಾರು 1375ರ ‘ವಿಲಿಯಂ ಅಂಡ್ ದ ವೇರ್‌ವುಲ್ಫ್’ ಎಂಬ ಕಥನಕಾವ್ಯದವರೆಗೆ ಹಿಂದಕ್ಕೆ ಒಯ್ಯುತ್ತದೆ. ಚಾಸರ್‌ನಲ್ಲಿ ಇದೆ, ಶೇಕ್ಸ್‌ಪಿಯರ್‌ನಲ್ಲಿ ಇದೆ. ಜೇನ್ ಆಸ್ಟೆನ್ ಕಾದಂಬರಿಗಳಲ್ಲಂತೂ ಹೇರಳವಾಗಿ ಇದೆ. ಎಂ.ಎ. ತರಗತಿಯಲ್ಲಿ ಆಸ್ಟೆನ್ ಓದಿ ಪರೀಕ್ಷೆ ಬರೆದ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಸಹಜವಾಗಿ ಬರುವ ಮಾತು ಕಣ್ಣಿಗೆ ಬೀಳುವುದಿಲ್ಲ. ತಪ್ಪು ಹುಡುಕಲು ಕುಳಿತಾಗ ಮಾತ್ರ ಬೀಳುತ್ತದೆ.

ನಿಯಮ ಬಂದದ್ದು ಬಳಕೆಯ ಬಹಳ ನಂತರ, ಹದಿನೆಂಟನೆಯ ಶತಮಾನದಲ್ಲಿ. ಪುಲ್ಲಿಂಗ ಸರ್ವನಾಮವೇ ಇಬ್ಬರಿಗೂ ಸಲ್ಲುತ್ತದೆ ಎಂದು ವ್ಯಾಕರಣ ಪುಸ್ತಕದಲ್ಲಿ ಬರೆದ ಮೊದಲಿಗರಲ್ಲಿ ಒಬ್ಬರು ಮಹಿಳೆ, ನ್ಯೂಕ್ಯಾಸಲ್ ಪಟ್ಟಣದ ಶಾಲಾ ಶಿಕ್ಷಕಿ ಆನ್ ಫಿಷರ್. ಇದನ್ನು ಓದಿ ನನಗೆ ಆಶ್ಚರ್ಯವಾಯಿತು. 1795ರಲ್ಲಿ ಲಿಂಡ್ಲಿ ಮರ್ರೆ ತನ್ನ ವ್ಯಾಕರಣದಲ್ಲಿ ‘ಎನಿ ವನ್’ ನಂತರ ಬರುವ ‘ದೇರ್’ ಅನ್ನು ತಪ್ಪೆಂದು ತೋರಿಸಿ ‘ಹಿಸ್’ ಎಂದು ತಿದ್ದಿದ. ಆ ಪುಸ್ತಕ ಇಂಗ್ಲೆಂಡ್ ಮತ್ತು ಅಮೆರಿಕದ ಶಾಲೆಗಳಲ್ಲಿ ತಲೆಮಾರುಗಟ್ಟಲೆ ನಡೆಯಿತು. 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾನೂನುಗಳ ಭಾಷೆಯನ್ನು ಚಿಕ್ಕದು ಮಾಡುವುದಕ್ಕಾಗಿ, ಪುಲ್ಲಿಂಗ ಪದಗಳಲ್ಲಿ ಸ್ತ್ರೀಯರೂ ಸೇರಿದ್ದಾರೆ ಎಂಬ ಕಾಯಿದೆಯನ್ನೇ ಮಾಡಿತು. ನಮ್ಮ 1860ರ ದಂಡಸಂಹಿತೆಯ 8ನೇ ಕಲಮು, 1897ರ ಜನರಲ್ ಕ್ಲಾಸಸ್ ಕಾಯಿದೆಯ 13ನೇ ಕಲಮು ಹೇಳಿದ್ದೂ ಇದೇ ಮಾತು. ಪ್ರಶಿಕ್ಷಣಾರ್ಥಿ ಕೇಳಿದ “ಯಾವಾಗಿನಿಂದ” ಎಂಬುದಕ್ಕೆ ಇಲ್ಲಿಗೆ ಉತ್ತರ ಸಿಕ್ಕಿತು.

ಆದರೆ ಅವರು ಕೇಳದೇ ಬಿಟ್ಟ ಇನ್ನೊಂದು ಪ್ರಶ್ನೆಯಿದೆ: ನಿಜಕ್ಕೂ ಸೇರಿದ್ದಾರೆಯೇ?

1867ರಲ್ಲಿ ಮತದಾನದ ಹಕ್ಕನ್ನು ವಿಸ್ತರಿಸುವ ಮಸೂದೆ ಚರ್ಚೆಗೆ ಬಂದಾಗ ಜಾನ್ ಸ್ಟುವರ್ಟ್ ಮಿಲ್ ಒಂದೇ ಒಂದು ಪದದ ತಿದ್ದುಪಡಿ ತಂದರು. ‘ಮ್ಯಾನ್’ ಎಂದಿರುವಲ್ಲಿ ‘ಪರ್ಸನ್’ ಎಂದಿರಲಿ. 73 ಮತ ಪರವಾಗಿ, 196 ಮತ ವಿರುದ್ಧವಾಗಿ ಬಿದ್ದು ಅದು ಸೋತಿತು. ಕಾಯಿದೆಯಲ್ಲಿ ‘ಮ್ಯಾನ್’ ಉಳಿಯಿತು. ಹಾಗಿದ್ದರೆ 1850ರ ಕಾಯಿದೆಯ ಪ್ರಕಾರ ‘ಮ್ಯಾನ್’ನಲ್ಲಿ ನಾವೂ ಸೇರಿದ್ದೇವಲ್ಲ ಎಂದು ಮ್ಯಾಂಚೆಸ್ಟರ್‌ನ ಸಾವಿರಾರು ಮಹಿಳೆಯರು ಮತದಾರರ ಪಟ್ಟಿಗೆ ಹೆಸರು ಕೊಟ್ಟರು. 1868ರಲ್ಲಿ ಚಾರ್ಲ್ಟನ್ ವಿರುದ್ಧ ಲಿಂಗ್ಸ್ ಮೊಕದ್ದಮೆಯಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ನಮ್ಮ ದೇಶದಲ್ಲೂ ಇಂಥದೇ ನಡೆದಿದೆ. ಕಾನೂನು ಪದವಿ ಪಡೆದ ರೆಜಿನಾ ಗುಹಾ ವಕೀಲಿ ಮಾಡಲು ಅನುಮತಿ ಕೇಳಿದಾಗ 1916ರಲ್ಲಿ ಕಲ್ಕತ್ತಾ ಹೈಕೋರ್ಟು ನಿರಾಕರಿಸಿತು. ಪುಲ್ಲಿಂಗದಲ್ಲಿ ಸ್ತ್ರೀಲಿಂಗ ಸೇರಿದೆ ಎಂಬ ಕಲಮು ಆಗಲೂ ಜಾರಿಯಲ್ಲಿತ್ತು. ಮಹಿಳೆಯರು ವಕೀಲರಾಗಬಹುದೆಂದು ಸ್ಪಷ್ಟಪಡಿಸಲು 1923ರಲ್ಲಿ ಬೇರೆಯದೇ ಕಾಯಿದೆ ಬೇಕಾಯಿತು. ಶಿಕ್ಷೆ ಕೊಡುವಾಗ ‘ಹಿ’ಯೊಳಗೆ ಹೆಂಗಸು ಇದ್ದಳು, ಹಕ್ಕು ಕೊಡುವಾಗ ಇರಲಿಲ್ಲ. ನಮ್ಮ ಹುಡುಗಿ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಅವಳಿಗೆ “ನೀನೂ ಸೇರಿದ್ದೀಯ, ಕುಳಿತುಕೋ” ಎಂದು ಹೇಳಿಸಲು ಹೊರಟಿದ್ದೆನಲ್ಲ ಎಂದು ಈಗ ಸಂಕೋಚವಾಗುತ್ತದೆ.

ಈ ಪ್ರಶ್ನೆ ಶಾಲಾ ಪುಸ್ತಕಗಳಿಗೆ ತಲುಪಲು 1970ರ ದಶಕ ಬರಬೇಕಾಯಿತು. ಮಹಿಳಾ ಚಳವಳಿ ಬೆಳೆಯುತ್ತಿದ್ದ ಕಾಲ ಅದು. 1973ರಲ್ಲಿ ಅಮೆರಿಕದಲ್ಲಿ ಶ್ನೈಡರ್ ಮತ್ತು ಹ್ಯಾಕರ್ ಎಂಬ ಇಬ್ಬರು ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ಸಮಾಜಶಾಸ್ತ್ರದ ಪಠ್ಯಪುಸ್ತಕಕ್ಕೆ ಚಿತ್ರ ಆರಿಸಿಕೊಡಿ ಎಂದು ಕಾಲೇಜು ವಿದ್ಯಾರ್ಥಿಗಳಿಗೆ ಅಧ್ಯಾಯಗಳ ಹೆಸರು ಕೊಟ್ಟರು. ಕೆಲವರಿಗೆ ಕೊಟ್ಟ ಹೆಸರುಗಳಲ್ಲಿ ‘ಮ್ಯಾನ್’ ಇತ್ತು, ಇನ್ನು ಕೆಲವರಿಗೆ ಕೊಟ್ಟವುಗಳಲ್ಲಿ ಇರಲಿಲ್ಲ. ‘ಮ್ಯಾನ್’ ಇದ್ದ ಕಡೆ ಗಂಡಸರಷ್ಟೇ ಇರುವ ಚಿತ್ರಗಳು ಹೆಚ್ಚು ಬಂದವು. ಪುಲ್ಲಿಂಗದಲ್ಲಿ ಎಲ್ಲರೂ ಸೇರಿದ್ದಾರೆ ಎಂದು ವ್ಯಾಕರಣ ಹೇಳಬಹುದು, ಓದುವವರ ಮನಸ್ಸು ಹಾಗೆ ಓದುವುದಿಲ್ಲ. 1974ರಲ್ಲಿ ಮೆಗ್ರಾ-ಹಿಲ್ ಪ್ರಕಾಶನ ತನ್ನ ಪುಸ್ತಕಗಳ ಲೇಖಕರಿಗೆ ಈ ಕುರಿತು ಮಾರ್ಗಸೂಚಿ ಹೊರಡಿಸಿತು. ಮರುವರ್ಷ ಅಮೆರಿಕದ ಇಂಗ್ಲಿಷ್ ಶಿಕ್ಷಕರ ರಾಷ್ಟ್ರೀಯ ಮಂಡಳಿಯೂ ಅದೇ ದಾರಿ ಹಿಡಿಯಿತು. 1980ರಲ್ಲಿ ಕೇಸಿ ಮಿಲ್ಲರ್ ಮತ್ತು ಕೇಟ್ ಸ್ವಿಫ್ಟ್ ಬರಹಗಾರರಿಗೆಂದೇ ಒಂದು ಕೈಪಿಡಿ ತಂದರು. ಫೈರ್‌ಮ್ಯಾನ್ ಹೋಗಿ ಫೈರ್‌ಫೈಟರ್, ಪೊಲೀಸ್‌ಮ್ಯಾನ್ ಹೋಗಿ ಪೊಲೀಸ್ ಆಫೀಸರ್, ಏರ್‌ಹೋಸ್ಟೆಸ್ ಹೋಗಿ ಫ್ಲೈಟ್ ಅಟೆಂಡೆಂಟ್ ಬಂದದ್ದು ಈ ಹಾದಿಯಲ್ಲೇ. ಮದುವೆಯಾಗಿದೆಯೇ ಇಲ್ಲವೇ ಎಂದು ತಿಳಿಸದ ‘ಮಿಜ್’ ಎಂಬ ಸಂಬೋಧನೆಯನ್ನು 1901ರಲ್ಲೇ ಒಂದು ಅಮೆರಿಕನ್ ಪತ್ರಿಕೆ ಸೂಚಿಸಿತ್ತು. ನ್ಯೂಯಾರ್ಕ್ ಟೈಮ್ಸ್ ಅದನ್ನು ಬಳಸಲು ಒಪ್ಪಿದ್ದು 1986ರಲ್ಲಿ. ನೂರಾರು ವರ್ಷದ ಕಾಯಿದೆ ಭಾಷೆಯನ್ನು ಬಿಟ್ಟು ಇನ್ನು ಮುಂದೆ ಲಿಂಗಸೂಚಕವಲ್ಲದ ಪದಗಳಲ್ಲಿ ಕಾನೂನು ಬರೆಯುತ್ತೇವೆಂದು ಬ್ರಿಟಿಷ್ ಸರ್ಕಾರ 2007ರ ಮಾರ್ಚ್‌ನಲ್ಲಿ ಪ್ರಕಟಿಸಿತು. ನಮ್ಮ ಭಾರತೀಯ ನ್ಯಾಯ ಸಂಹಿತೆ ಬೇರೆ ದಾರಿ ಹಿಡಿದಿದೆ. ‘ಹಿ’ಯನ್ನು ಉಳಿಸಿಕೊಂಡು, ಅದು ಗಂಡು, ಹೆಣ್ಣು ಮಾತ್ರವಲ್ಲ, ಲಿಂಗತ್ವ ಅಲ್ಪಸಂಖ್ಯಾತರಿಗೂ ಸಲ್ಲುತ್ತದೆ ಎಂದು ವಿವರಣೆ ಕೊಟ್ಟಿದೆ.

ಸರ್ವನಾಮದ ವಿಷಯದಲ್ಲಿ ಇಂಗ್ಲಿಷ್‌ನವರು ಹೊಸ ಪದ ಕಟ್ಟಲು ಬಹಳ ಸಲ ಹೊರಟಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾನ್ವರ್ಸ್ ಎಂಬಾತ ‘ಥಾನ್’ ಎಂಬ ಪದ ತಯಾರಿಸಿದ. ಅದು ಕೆಲವು ನಿಘಂಟುಗಳಿಗೂ ಸೇರಿತು, ಜನರ ಬಾಯಿಗೆ ಮಾತ್ರ ಬರಲಿಲ್ಲ. ಉಳಿದದ್ದು ಮೊದಲಿನಿಂದ ಬಾಯಲ್ಲಿದ್ದ ‘ದೇ’ಯೇ. ಜೊತೆಗೆ ಅದಕ್ಕೆ ಒಂದು ಹೊಸ ಕೆಲಸವೂ ಬಂದಿದೆ. ‘ಅವನು’ ಎಂದೂ ಬೇಡ, ‘ಅವಳು’ ಎಂದೂ ಬೇಡ, ನನ್ನನ್ನು ‘ದೇ’ ಎಂದು ಕರೆಯಿರಿ ಎಂದು ಕೇಳುವವರಿಗೆ ಅದೇ ಸರ್ವನಾಮವಾಗಿದೆ. ಮೆರಿಯಂ-ವೆಬ್‌ಸ್ಟರ್ ನಿಘಂಟು 2019ರಲ್ಲಿ ಅದನ್ನು ವರ್ಷದ ಪದವಾಗಿ ಆರಿಸಿತು. ನಮ್ಮ ಎಂ.ಇಡಿ. ವಿದ್ಯಾರ್ಥಿಗಳು ಪ್ರಬಂಧ ಬರೆಯುವಾಗ ಅನುಸರಿಸುವ ಎ.ಪಿ.ಎ. ಕೈಪಿಡಿಯ ಏಳನೆಯ ಆವೃತ್ತಿ ಅದೇ ವರ್ಷ ಬಂತು. ಏಕವಚನದ ‘ದೇ’ಯನ್ನು ಬಳಸಿರೆಂದೇ ಅದು ಹೇಳುತ್ತದೆ. ಆ ಕೈಪಿಡಿ ನನ್ನ ಮೇಜಿನ ಮೇಲೇ ಇತ್ತು. ಉಲ್ಲೇಖಪಟ್ಟಿಯ ಅಲ್ಪವಿರಾಮಗಳಿಗಾಗಿ ತೆರೆದಿದ್ದೆನೇ ಹೊರತು ಆ ಪುಟ ತೆರೆದಿರಲಿಲ್ಲ.

ಏಕವಚನಕ್ಕೆ ಬಹುವಚನ ಹೇಗೆ ಸರಿ ಎನ್ನುವವರಿಗೆ (ನಾನೂ ಅವರಲ್ಲೊಬ್ಬನಾಗಿದ್ದೆ) ಇನ್ನೊಂದು ಸಂಗತಿ. ‘ಯು’ ಕೂಡ ಒಂದು ಕಾಲಕ್ಕೆ ಬಹುವಚನವೇ. ಒಬ್ಬರಿಗೆ ‘ದೌ’ ಎನ್ನುತ್ತಿದ್ದರು. ಒಬ್ಬನನ್ನು ‘ಯು’ ಎನ್ನುವುದು ಸುಳ್ಳು ಮಾತು, ವ್ಯಾಕರಣಕ್ಕೂ ವಿರೋಧ ಎಂದು ಕ್ವೇಕರ್ ಪಂಥದ ಜಾರ್ಜ್ ಫಾಕ್ಸ್ ಮತ್ತು ಸಂಗಡಿಗರು 1660ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದರು. ಏಕವಚನ ಬಹುವಚನ ಕಲಿಯಲು ಶಿಕ್ಷಕರಿಗಾಗಿ ಮತ್ತು ಪ್ರಾಧ್ಯಾಪಕರಿಗಾಗಿ ಎಂದೇ ಅದರ ಹೆಸರಿನಲ್ಲಿದೆ. ಇಂದು ಯಾವ ಮೇಲ್ವಿಚಾರಕರೂ ‘ಯು ಆರ್ ಎ ಗುಡ್ ಗರ್ಲ್’ ಎಂಬುದಕ್ಕೆ ಕೆಂಪು ಗೆರೆ ಎಳೆಯುವುದಿಲ್ಲ.

ಇಷ್ಟು ನಮ್ಮ ತಿಳಿವಳಿಕೆಗಾಯಿತು. ತರಗತಿಯಲ್ಲಿ ಇದನ್ನು ಹೇಗೆ ಕಲಿಸುವುದು? ಇಲ್ಲಿ ಕನ್ನಡದ ಮಗುವಿಗೆ ಒಂದು ಅನುಕೂಲವಿದೆ, ಒಂದು ಅಪಾಯವೂ ಇದೆ.

ಅನುಕೂಲ ‘ತನ್ನ’ ಎಂಬ ಪದದಲ್ಲಿದೆ. ‘ವೈದ್ಯರು ತಮ್ಮ ರೋಗಿಗಳನ್ನು’, ‘ಪ್ರತಿ ಮಗುವೂ ತನ್ನ ಪುಸ್ತಕವನ್ನು’ ಎನ್ನುವಾಗ ನಮಗೆ ಗಂಡು ಹೆಣ್ಣಿನ ಯೋಚನೆಯೇ ಬರುವುದಿಲ್ಲ. ತಾನು, ತನ್ನ, ತಮ್ಮ ಎಂಬವಕ್ಕೆ ಲಿಂಗವಿಲ್ಲ. ಆ ಹುಡುಗಿಯ ಮನಸ್ಸಿನಲ್ಲಿದ್ದದ್ದು ‘ತನ್ನ’. ಇಂಗ್ಲಿಷಿಗೆ ಬಂದೊಡನೆ ಅವಳು ‘ಅವನ’ ಅಥವಾ ‘ಅವಳ’ ಎಂದು ಆರಿಸಬೇಕಾಯಿತು. ಅವಳಿಗೆ ಗೊತ್ತಿದ್ದ ಡಾಕ್ಟರನ್ನು ನೆನೆದು ಆರಿಸಿದಳು. ಇನ್ನೊಂದು ಉದಾಹರಣೆ ಮನೆಯಲ್ಲೇ ಸಿಗುತ್ತದೆ. ಬಾಗಿಲು ಬಡಿದ ಸದ್ದಾದರೆ ಅಡುಗೆಮನೆಯಿಂದ ಅಮ್ಮ “ಯಾರೋ ಬಂದಿದ್ದಾರೆ, ಏನು ಬೇಕಂತೆ ಕೇಳು” ಎನ್ನುತ್ತಾರೆ. ಬಂದಿರುವುದು ಒಬ್ಬರೇ ಇರಬಹುದು, ಆದರೂ ಕ್ರಿಯಾಪದ ‘ಬಂದಿದ್ದಾರೆ’. ಬಂದವನು ಎಂದೋ ಬಂದವಳು ಎಂದೋ ತೀರ್ಮಾನಿಸಲು ನಮಗೆ ಅವಸರವಿಲ್ಲ. ‘ಸಮ್‌ವನ್ ಈಸ್ ಅಟ್ ದ ಡೋರ್, ಆಸ್ಕ್ ದೆಮ್ ವಾಟ್ ದೇ ವಾಂಟ್’ ಎಂಬುದು ಇದರ ಸರಿಸಮಾನ. ಇದನ್ನು ಹೇಳಿಕೊಟ್ಟರೆ ನಿಯಮ ವಿವರಿಸುವ ಮುಂಚೆಯೇ ಮಕ್ಕಳು ಹಿಡಿದುಕೊಳ್ಳುತ್ತಾರೆ.

ಅಪಾಯವೂ ಅಲ್ಲೇ ಇದೆ. ನಮ್ಮ ‘ಅವರು’ ಗೌರವವನ್ನೂ ಹೊತ್ತಿದೆ, ಇಂಗ್ಲಿಷಿನ ‘ದೇ’ ಹೊತ್ತಿಲ್ಲ. ‘ಮೈ ಹೆಡ್‌ಮಾಸ್ಟರ್ ಈಸ್ ಎ ಗುಡ್ ಮ್ಯಾನ್. ದೇ ಕಮ್ ಟು ಸ್ಕೂಲ್ ಅರ್ಲಿ’ ಎಂದು ಬರೆಯುವ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಹೆಡ್‌ಮಾಸ್ಟರರನ್ನು ‘ಹಿ’ ಎನ್ನಲು ಅವರಿಗೆ ನಾಲಿಗೆ ಬಾರದು. ಏಕವಚನದ ‘ದೇ’ ಸರಿ ಎಂದು ಹೇಳಿ ಅಷ್ಟಕ್ಕೇ ಬಿಟ್ಟರೆ ಈ ತಪ್ಪಿಗೆ ನಾವೇ ಅನುಮತಿ ಕೊಟ್ಟಂತಾಗುತ್ತದೆ. ಯಾರೆಂದು ತಿಳಿಯದಿದ್ದರೆ ಅಥವಾ ಯಾರಾದರೂ ಆಗಬಹುದಾದರೆ ‘ದೇ’, ಆ ವ್ಯಕ್ತಿಯೇ ಹಾಗೆ ಕರೆಯಿರಿ ಎಂದರೆ ‘ದೇ’, ಗೌರವಕ್ಕೆ ಅಲ್ಲ. ಕ್ರಿಯಾಪದವನ್ನೂ ಹೇಳಿಕೊಡಬೇಕು. ಒಬ್ಬರನ್ನೇ ಕುರಿತರೂ ‘ದೇ ಆರ್’, ‘ದೇ ಈಸ್’ ಅಲ್ಲ.

ಪರೀಕ್ಷೆಯ ಭಯ ಬೇರೆ ಇದೆ. ಉತ್ತರಪತ್ರಿಕೆ ತಿದ್ದುವವರು ಹಿಂದಿನ ನನ್ನಂಥವರಾದರೆ ಮಗುವಿನ ಅಂಕ ಹೋಗುತ್ತದೆ. ಇದಕ್ಕೆ ನನಗೆ ತೋರಿದ ದಾರಿ, ವಾಕ್ಯವನ್ನೇ ಬಹುವಚನ ಮಾಡುವ ಅಭ್ಯಾಸ ಕೊಡುವುದು. ‘ಡಾಕ್ಟರ್ಸ್ ಶುಡ್ ಬಿ ಕೈಂಡ್ ಟು ದೇರ್ ಪೇಷಂಟ್ಸ್’ ಎಂಬುದನ್ನು ಹಳೆಯ ವ್ಯಾಕರಣವೂ ಒಪ್ಪುತ್ತದೆ, ಹೊಸದೂ ಒಪ್ಪುತ್ತದೆ. ‘ಹಿಸ್ ಆರ್ ಹರ್’ ಕೂಡ ಆಗುತ್ತದೆ, ಆದರೆ ಒಂದು ಪ್ಯಾರಾದಲ್ಲಿ ನಾಲ್ಕು ಸಲ ಬಂದರೆ ಕಾಯಿದೆ ಪುಸ್ತಕ ಓದಿದಂತಿರುತ್ತದೆ. ಪ್ರಶ್ನೆ ತಯಾರಿಸುವ ನಾವು ಸಂದರ್ಭವನ್ನೇ ಕೊಡದೆ ಖಾಲಿ ಜಾಗ ಬಿಟ್ಟು ‘ಹಿಸ್’ ಒಂದೇ ಉತ್ತರ ಎನ್ನುವುದನ್ನು ನಿಲ್ಲಿಸಿದರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ.

ಎರಡು ವಾರದ ನಂತರ ಅದೇ ತರಗತಿಗೆ ನಾನೇ ಪಾಠ ಮಾಡಿದೆ. ಪ್ರಶಿಕ್ಷಣಾರ್ಥಿ ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕುಳಿತರು. ಮೊದಲು ಚಿತ್ರದ ಚಟುವಟಿಕೆ. ತರಗತಿಯ ಅರ್ಧಕ್ಕೆ ‘ಅರ್ಲಿ ಮ್ಯಾನ್ ಲಿವ್ಡ್ ಇನ್ ಕೇವ್ಸ್’, ಇನ್ನರ್ಧಕ್ಕೆ ‘ಅರ್ಲಿ ಪೀಪಲ್ ಲಿವ್ಡ್ ಇನ್ ಕೇವ್ಸ್’ ಎಂಬ ಚೀಟಿ ಕೊಟ್ಟು ಚಿತ್ರ ಬರೆಯಲು ಹೇಳಿದೆ. ಮೊದಲ ಗುಂಪಿನಲ್ಲಿ ಗುಹೆಯ ಮುಂದೆ ಗಡ್ಡಧಾರಿಗಳೇ ನಿಂತಿದ್ದರು. ಹುಡುಗಿಯರೂ ಗಡ್ಡವನ್ನೇ ಬಿಡಿಸಿದ್ದರು. ಎರಡನೆಯ ಗುಂಪಿನಲ್ಲಿ ಕೆಲವು ಗುಹೆಗಳಿಗೆ ತಾಯಿ ಮಕ್ಕಳು ಬಂದರು. ಆದರೆ ನಾನು ನಿರೀಕ್ಷಿಸಿದಷ್ಟು ಅಲ್ಲ, ಅಲ್ಲೂ ಗಡ್ಡಗಳು ಸಾಕಷ್ಟಿದ್ದವು. ಸಮಾಜವಿಜ್ಞಾನದ ಪುಸ್ತಕದ ಚಿತ್ರ ಅವರ ಕಣ್ಣಲ್ಲಿ ಕುಳಿತಿದೆ. ಪದ ಬದಲಾಯಿಸಿದ ಮಾತ್ರಕ್ಕೆ ಅದು ಏಳುವುದಿಲ್ಲ.

ಹುಡುಗರನ್ನು ಎಬ್ಬಿಸಿದ್ದು ಕ್ರಿಕೆಟ್. 2021ರ ಸೆಪ್ಟೆಂಬರ್‌ನಲ್ಲಿ ಎಂ.ಸಿ.ಸಿ. ಕ್ರಿಕೆಟ್ ನಿಯಮಗಳಲ್ಲಿ ‘ಬ್ಯಾಟ್ಸ್‌ಮನ್’ ತೆಗೆದು ‘ಬ್ಯಾಟರ್’ ಮಾಡಿತು ಎಂದೆ. ಹಿಂದಿನ ಸಾಲಿನಿಂದ ಒಬ್ಬ “ಸರ್, ಬ್ಯಾಟರ್ ಅಂದ್ರೆ ದೋಸೆ ಹಿಟ್ಟಲ್ವಾ? ಪ್ಯಾಕೆಟ್ ಮೇಲೆ ಹಾಗೇ ಇರುತ್ತೆ” ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ನಗು ಮುಗಿದ ಮೇಲೆ ಅವನಿಗೇ ಕೇಳಿದೆ: ಬೌಲ್ ಮಾಡುವವರು? ಬೌಲರ್. ಫೀಲ್ಡ್ ಮಾಡುವವರು? ಫೀಲ್ಡರ್. ಹಾಗಾದರೆ ಬ್ಯಾಟ್ ಮಾಡುವವರು? ಅವನು ತಲೆ ಕೆರೆದುಕೊಂಡು “ಬ್ಯಾಟರೇ ಸರಿ ಸರ್” ಎಂದ. ಸ್ಮೃತಿ ಮಂದಾನ ಹೆಸರನ್ನು ಹುಡುಗಿಯರೇ ಹೇಳಿದರು.

ಕೊನೆಗೆ ಡಾಕ್ಟರ್ ವಾಕ್ಯವನ್ನು ಮತ್ತೆ ಬರೆದೆ. ಅದೇ ಹುಡುಗಿಯನ್ನು ಕರೆದು, ನಿನ್ನೂರ ಡಾಕ್ಟರ ಬಗ್ಗೆ ಬರೆಯುವಾಗ ‘ಹರ್’ ಸರಿ, ಯಾವುದೋ ಒಬ್ಬ ಡಾಕ್ಟರ ಬಗ್ಗೆಯಾದರೆ ‘ದೇರ್’ ಬರೆಯಬಹುದು, ಅವತ್ತು ನಿಮ್ಮ ಮಿಸ್ ಬರೆದದ್ದು ಸರಿಯಾಗಿತ್ತು ಎಂದು ಎಲ್ಲರೆದುರು ಹೇಳಿದೆ. ಅವಳು ತಲೆಯಾಡಿಸಿ ಸುಮ್ಮನೆ ಹೋಗಿ ಕುಳಿತಳು. ಅವಳಿಗೆ ಅದು ಹಳೆಯ ಸಂಗತಿಯಾಗಿತ್ತು. ಕಾಲೇಜಿಗೆ ಮರಳಿ ಕೆಂಪು ಟಿಪ್ಪಣಿಯನ್ನು ಹೊಡೆದುಹಾಕಿ, ಕೆಳಗೆ ಕಾರಣ ಬರೆದು, ವಿಷಯ ಪ್ರಭುತ್ವದ ಅಂಕವನ್ನು ತಿದ್ದಿದೆ.

ನನ್ನ ಪಾಠದ ಬಗ್ಗೆ ಪ್ರಶಿಕ್ಷಣಾರ್ಥಿ ಬರೆದ ವೀಕ್ಷಣೆ ಮೂರು ಸಾಲಿನದು. ಕಪ್ಪುಹಲಗೆಯ ಅಕ್ಷರ ಹಿಂದಿನ ಬೆಂಚಿಗೆ ಕಾಣುತ್ತಿರಲಿಲ್ಲ. ಚಿತ್ರದ ಚಟುವಟಿಕೆಗೆ ಹದಿನೆಂಟು ನಿಮಿಷ ಹೋಯಿತು. ‘ದೇ’ ಗೌರವಕ್ಕಲ್ಲ ಎಂದು ಬಾಯಲ್ಲಿ ಹೇಳಿದಿರಿ, ಉದಾಹರಣೆ ಕೊಟ್ಟು ಅಭ್ಯಾಸ ಮಾಡಿಸಲಿಲ್ಲ. ಮರುದಿನ ಮನೆಗೆಲಸದ ಪುಸ್ತಕಗಳು ಬಂದಾಗ ದೋಸೆ ಹಿಟ್ಟಿನ ಹುಡುಗ ಬರೆದಿದ್ದ: ‘ಮೈ ಗ್ರ್ಯಾಂಡ್‌ಮದರ್ ಈಸ್ ಸೆವೆಂಟಿ. ದೇ ಮೇಕ್ ಗುಡ್ ದೋಸೆ’. ಆ ಭಾಗವನ್ನು ಮುಂದಿನ ಮಂಗಳವಾರ ಅವರೇ ಮತ್ತೆ ಪಾಠ ಮಾಡುತ್ತಾರೆ.